ಪೂರ್ತಿ ಖಾಲಿ ಮಾಡಿ ಚಾರ್ಜ್ ಹಾಕು

ಮೂರು ಕಡ್ಡಿ ತೋರಿಸುವ ಬ್ಯಾಟರಿ ಮೊದಲು ಎರಡಕ್ಕೆ ಇಳಿಯಬೇಕು, ಆಮೇಲೆ ಒಂದಕ್ಕೆ. ಅದಾದ ಮೇಲೆ ಬೇಕಾದರೆ ಸಾಯಲಿ, ಯಾರು ಬೇಡ ಅಂತಾರೆ? ನನ್ನ ಕ್ಯಾಮೆರಾದ ಬ್ಯಾಟರಿಗೆ ಆ ಸಂಸ್ಕಾರ ಇಲ್ಲ. ಮೊನ್ನೆ ಭಾನುವಾರ ತಿಪಟೂರಿನಲ್ಲಿ ಅಕ್ಕನ ಮೊಮ್ಮಗುವಿನ ನಾಮಕರಣ. ಪುರೋಹಿತರು ತಟ್ಟೆಯಲ್ಲಿ ಅಕ್ಕಿ ಹರಡಿಸಿ, ಮಗುವಿನ ಅಪ್ಪನ ಕೈಗೆ ಚಿನ್ನದ ಉಂಗುರ ಕೊಟ್ಟು, "ಹೂಂ, ಬರೀರಿ" ಅಂದರು. ನಾನು ಮಂಡಿಯೂರಿ, ತಟ್ಟೆಗೆ ಫೋಕಸ್ ಮಾಡಿ, ಉಂಗುರ ಅಕ್ಕಿಗೆ ತಾಗುವುದನ್ನೇ ಕಾಯುತ್ತಿದ್ದೆ. ಮೂಲೆಯಲ್ಲಿ ಮೂರೂ ಕಡ್ಡಿ ಇದ್ದವು. ಮೊದಲ ಅಕ್ಷರ ಮುಗಿಯಿತು. ಎರಡನೆಯದಕ್ಕೆ ಕೊಂಬು ಬರೆಯುವ ಹೊತ್ತಿಗೆ ಕಡ್ಡಿಗಳು ಒಟ್ಟಿಗೇ ಮಾಯವಾಗಿ ಕೆಂಪು ಗುರುತು ಮಿಟುಕಿತು. ಕ್ಯಾಮೆರಾ ಆಫ್.

ನನಗೆ ಗಾಬರಿಯಾಗಲಿಲ್ಲ. ಬ್ಯಾಗಿನಲ್ಲಿ ಸ್ಪೇರ್ ಇತ್ತು. ಹಿಂದಿನ ದಿನ ಸಂಜೆಯೇ ಫುಲ್ ಚಾರ್ಜ್ ಮಾಡಿ, ಮುಚ್ಚಳ ಹಾಕಿ, ಕೈಗೆ ಸಿಗುವ ಜೇಬಿನಲ್ಲೇ ಇಟ್ಟಿದ್ದೆ. ಹಾಕಿದೆ. ಕ್ಯಾಮೆರಾ ಕಣ್ಣೇ ಬಿಡಲಿಲ್ಲ. ತೆಗೆದು, ಊದಿ, ಮತ್ತೆ ಹಾಕಿದೆ. (ಊದಿದರೆ ಏನಾಗುತ್ತೆ ಅಂತ ಕೇಳಬೇಡಿ. ನೀವೂ ಊದುತ್ತೀರಿ.) ಅಷ್ಟರಲ್ಲಿ ಜನರ ಹಿಂದಿನಿಂದ ಭಾವನ ದನಿ ಕೇಳಿತು.

"ಅದನ್ನ ರಾತ್ರಿನೇ ಪೂರ್ತಿ ಖಾಲಿ ಮಾಡಿಟ್ಟಿದೀನಿ ಕಣೋ. ಒಳ್ಳೇದಕ್ಕೆ."

ಒಳ್ಳೇದಕ್ಕೆ! ಎಲ್ಲರೂ ಮಲಗಿದ ಮೇಲೆ ನಡುಮನೆಯಲ್ಲಿ ಕೂತು, ನನ್ನ ಕ್ಯಾಮೆರಾದಲ್ಲಿ ತಿರುಗುವ ಫ್ಯಾನನ್ನು ನೋಡುತ್ತಾ, ಬ್ಯಾಟರಿ ಸಾಯುವವರೆಗೆ ಕಾದಿದ್ದಾರೆ. ಮತ್ತೆ ಚಾರ್ಜಿಗೆ ಯಾಕೆ ಹಾಕಲಿಲ್ಲ ಅಂದರೆ, "ಖಾಲಿಯಾದ ತಕ್ಷಣ ಹಾಕಬಾರದು. ಒಂದು ರಾತ್ರಿ ರೆಸ್ಟ್ ಕೊಡಬೇಕು." ಮಗುವಿನ ಹೆಸರಿನ ಉಳಿದ ಅಕ್ಷರಗಳು ಯಾರದೋ ಫೋನಿನಲ್ಲಿ, ಇನ್ಯಾರದೋ ಮೊಣಕೈಯ ಹಿಂದೆ ಭದ್ರವಾಗಿವೆ.

ಭಾವನನ್ನು ಬೈಯುವುದು ಸುಲಭ. ಆದರೆ ಅವರು ಸುಮ್ನೆ ಬಾಯಿಗೆ ಬಂದದ್ದು ಹೇಳುವವರಲ್ಲ. ತೊಂಬತ್ತರ ದಶಕದಲ್ಲಿ ತಿಪಟೂರು, ಅರಸೀಕೆರೆ, ಚಿಕ್ಕನಾಯಕನಹಳ್ಳಿ ಕಡೆಯೆಲ್ಲ ಮದುವೆ ವಿಡಿಯೋ ಮಾಡಿದವರು. ಆಗಿನ ಹ್ಯಾಂಡಿಕ್ಯಾಮಿಗೆ ಇದ್ದದ್ದು ನಿಕಲ್ ಕ್ಯಾಡ್ಮಿಯಂ ಬ್ಯಾಟರಿ. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲೇ ಕಂಡುಹಿಡಿದಿದ್ದ ಹಳೇ ತಳಿ. ಅರ್ಧ ಖರ್ಚು ಮಾಡಿ ಚಾರ್ಜ್, ಮತ್ತೆ ಅರ್ಧ ಖರ್ಚು ಮಾಡಿ ಚಾರ್ಜ್ ಅಂತ ಮಾಡಿದರೆ ಅದಕ್ಕೆ ಅರ್ಧದ ಅಭ್ಯಾಸವೇ ಆಗಿಬಿಡುತ್ತಿತ್ತು. ಒಳಗೆ ಶಕ್ತಿ ಉಳಿದಿದ್ದರೂ ವೋಲ್ಟೇಜ್ ಮೊದಲೇ ಕುಸಿದು ಕ್ಯಾಮೆರಾ ನಿಲ್ಲುತ್ತಿತ್ತು. ಮೆಮೊರಿ ಎಫೆಕ್ಟ್ ಅನ್ನುವುದು ಇದಕ್ಕೇ. ಪರಿಹಾರವೂ ಇತ್ತು: ಆಗಾಗ ಪೂರ್ತಿ ಖಾಲಿ ಮಾಡಿ ಚಾರ್ಜ್ ಹಾಕುವುದು. ಭಾವ ಹಳೇ ಸ್ಕೂಟರಿನ ಆರು ವೋಲ್ಟಿನ ಬಲ್ಬಿಗೆ ಎರಡು ವೈರು ಬೆಸೆದು, ಮದುವೆಯ ಹಿಂದಿನ ದಿನ ಬ್ಯಾಟರಿಗೆ ಕಟ್ಟುತ್ತಿದ್ದರು. ಬಲ್ಬು ಕೆಂಪಗಾಗಿ, ಮಂಕಾಗಿ, ಆರಿದ ಮೇಲೆ ರಾತ್ರಿ ಚಾರ್ಜಿಗೆ. ಆ ಕಾಲಕ್ಕೆ ಅದೇ ಸರಿ.

ತೊಂದರೆ ಏನೆಂದರೆ, ಭಾವ ಬಲ್ಬು ಹಚ್ಚುತ್ತಿದ್ದಾಗಲೇ ಆ ಕಾಲ ಮುಗಿಯುತ್ತಾ ಬಂದಿತ್ತು. 1991ರಲ್ಲಿ ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಹೇಳಿಕೊಳ್ಳುವಂಥ ಮೆಮೊರಿ ಇಲ್ಲ. ಅರ್ಧಕ್ಕೆ ಹಾಕಿ, ಮುಕ್ಕಾಲಿಗೆ ತೆಗೀರಿ, ಬೇಜಾರಿಲ್ಲ. ಪೂರ್ತಿ ಖಾಲಿಯಾಗುವುದೇ ಅದಕ್ಕೆ ಆಗಿಬರದು. ಸಲಸಲಕ್ಕೂ ತಳ ಮುಟ್ಟಿಸಿದರೆ ಬೇಗ ಸವೆಯುತ್ತದೆ. ಖಾಲಿ ಮಾಡಿ ತಿಂಗಳುಗಟ್ಟಲೆ ಬೀರುವಿನಲ್ಲಿಟ್ಟರೆ ಚಾರ್ಜರ್ ಕೂಡ ಅದನ್ನು ಮುಟ್ಟಲು ಒಪ್ಪದಷ್ಟು ಕೆಳಗಿಳಿಯಬಹುದು. ಬಹಳ ದಿನ ಇಡುವುದಿದ್ದರೆ ಸುಮಾರು ಅರ್ಧ ಚಾರ್ಜಿನಲ್ಲಿ ತಂಪಾದ ಜಾಗದಲ್ಲಿ ಇಡಬೇಕು. ಇದನ್ನೆಲ್ಲ ಭಾವನಿಗೆ ಒಮ್ಮೆ ಸಮಾಧಾನವಾಗಿ ವಿವರಿಸಿದ್ದೆ. ಈ ಬ್ಯಾಟರಿಗಾಗಿ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಂತು, ಅವರಲ್ಲಿ ಗುಡ್‌ಇನಫ್ ಅವರಿಗೆ ಆಗ 97 ವರ್ಷ ಅಂತಲೂ ಹೇಳಿದೆ. ಭಾವ ಪೂರ್ತಿ ಕೇಳಿಸಿಕೊಂಡರು. "ಸರಿ, ಅವರು ಎಷ್ಟು ಮದುವೆ ಶೂಟ್ ಮಾಡಿದಾರೆ?" ಅಂದರು.

ಹಾಗಾದರೆ ನನ್ನ ಮೊದಲನೇ ಬ್ಯಾಟರಿ ಮೂರು ಕಡ್ಡಿ ತೋರಿಸಿ ಯಾಕೆ ಸತ್ತಿತು? ಗ್ಯಾಸ್ ಸಿಲಿಂಡರ್ ನೋಡಿದ್ದೀರಲ್ಲ. ತುಂಬಿದ್ದಾಗಲೂ ಅದೇ ಉರಿ, ತಳ ಹತ್ತಿದಾಗಲೂ ಹೆಚ್ಚುಕಮ್ಮಿ ಅದೇ ಉರಿ, ಒಗ್ಗರಣೆಯ ನಡುವೆ ಒಮ್ಮೆಲೇ ತಣ್ಣಗೆ. ಲಿಥಿಯಂ ವೋಲ್ಟೇಜೂ ಹಾಗೇ, ನಡುವೆ ಬಹುದೂರ ಹೆಚ್ಚು ಇಳಿಯುವುದೇ ಇಲ್ಲ, ಕೊನೆಗೆ ಧುಮುಕುತ್ತದೆ. ವೋಲ್ಟೇಜ್ ನೋಡಿ ಒಳಗೆ ಎಷ್ಟಿದೆ ಅಂತ ಹೇಳುವುದು ಕಷ್ಟ. ಅದಕ್ಕೇ ಒಳ್ಳೇ ಬ್ಯಾಟರಿಗಳ ಒಳಗೆ ಒಂದು ಪುಟ್ಟ ಚಿಪ್ ಕೂತು, ಎಷ್ಟು ಕರೆಂಟ್ ಬಂತು, ಎಷ್ಟು ಹೋಯ್ತು ಅಂತ ಲೆಕ್ಕ ಬರೆಯುತ್ತದೆ. ನಾವು ಸ್ವಲ್ಪ ತೆಗೆದು, ಸ್ವಲ್ಪ ತುಂಬಿ, ಮತ್ತೆ ಸ್ವಲ್ಪ ತೆಗೆದು ಮಾಡುತ್ತಾ ಹೋದರೆ ಆ ಲೆಕ್ಕದಲ್ಲಿ ತಪ್ಪು ಸೇರುತ್ತಾ ಹೋಗುತ್ತದೆ. ಮೇಲಾಗಿ ಬ್ಯಾಟರಿಗೆ ವಯಸ್ಸಾಗಿ ಹೊಟ್ಟೆ ಚಿಕ್ಕದಾಗಿರುತ್ತದೆ, ಚಿಪ್ ಇನ್ನೂ ಹಳೇ ಅಳತೆಯಲ್ಲೇ ಇರುತ್ತದೆ. ಆಗ ಕ್ಯಾಲಿಬ್ರೇಟ್ ಮಾಡಬೇಕು. ಒಮ್ಮೆ ಫುಲ್ ಚಾರ್ಜ್ ಮಾಡಿ, ಕ್ಯಾಮೆರಾ ತಾನಾಗಿ ಆಫ್ ಆಗುವವರೆಗೆ ಬಳಸಿ, ಮತ್ತೆ ಫುಲ್ ಮಾಡಿದರೆ ಚಿಪ್‌ಗೆ ಮೇಲೆಲ್ಲಿ, ತಳವೆಲ್ಲಿ ಅಂತ ಗೊತ್ತಾಗುತ್ತದೆ. ನಿಕಾನ್ ಡಿ3 ಜೊತೆ ಬರುತ್ತಿದ್ದ ಚಾರ್ಜರಿನಲ್ಲಿ ಇದಕ್ಕೆಂದೇ ಒಂದು ಗುಂಡಿ ಇತ್ತು. ನನ್ನಂಥವರ ಕ್ಯಾಮೆರಾಕ್ಕೆ ಗುಂಡಿಗಿಂಡಿ ಇಲ್ಲ, ಕೈಯಾರೆ ಮಾಡಬೇಕು.

ಊಟವಾದ ಮೇಲೆ ಇದನ್ನು ಭಾವನ ಮುಂದೆ ಬಾಯಿಬಿಟ್ಟೆ. ಅವರ ಮುಖ ನೋಡಬೇಕಿತ್ತು.

"ಅಂದ್ರೆ ಪೂರ್ತಿ ಖಾಲಿ ಮಾಡಿ ಚಾರ್ಜ್ ಹಾಕ್ಬೇಕು."

"ಅದು ಚಿಪ್ಪಿನ ಲೆಕ್ಕಕ್ಕೆ ಭಾವ, ಬ್ಯಾಟರಿಗಲ್ಲ. ಅದೂ ಯಾವಾಗಲೋ ಒಮ್ಮೆ."

"ಪೂರ್ತಿ ಖಾಲಿ ಮಾಡಿ, ಆಮೇಲೆ ಚಾರ್ಜ್. ಅಲ್ವಾ?"

"ಹೌದು, ಆದ್ರೆ..."

"ಲೇ ಇವಳೇ, ಕೇಳಿಸ್ಕೊಂಡ್ಯಾ?" ಅಂತ ಅಡುಗೆಮನೆಯ ಕಡೆಗೆ ಕೂಗಿದರು.

ಕಾರಣ ಬೇರೆ, ಕಾಯಿಲೆ ಬೇರೆ, ಔಷಧಿ ಮಾತ್ರ ಒಂದೇ. ಇಂಥವರ ಜೊತೆ ಯಾವ ನ್ಯಾಯಾಲಯದಲ್ಲೂ ಗೆಲ್ಲಲಾಗದು.

ಮಧ್ಯಾಹ್ನವೇ ಕ್ಯಾಲಿಬ್ರೇಷನ್ ಶುರುವಾಯಿತು. ಬೆಳಿಗ್ಗೆ ಸತ್ತಿದ್ದನ್ನು ಫುಲ್ ಮಾಡಿ, ಕ್ಯಾಮೆರಾಕ್ಕೆ ಹಾಕಿ, ವಿಡಿಯೋ ಆನ್ ಮಾಡಿ ಟೀಪಾಯಿಯ ಮೇಲಿಟ್ಟೆ. ಬೆಳಿಗ್ಗೆ ಒಂದು ಹೆಸರು ಬರೆಯುವಷ್ಟು ಹೊತ್ತು ಬದುಕದ ಬ್ಯಾಟರಿ ಈಗ ಸಾಯಲು ತಯಾರಿಲ್ಲ! ನನ್ನ ಹಳೇ ಕ್ಯಾಮೆರಾ 29 ನಿಮಿಷ 59 ಸೆಕೆಂಡಿಗೆ ವಿಡಿಯೋ ನಿಲ್ಲಿಸುತ್ತದೆ. ಅರ್ಧ ಗಂಟೆ ದಾಟಿದರೆ ಯುರೋಪಿನಲ್ಲಿ ಅದನ್ನು ವಿಡಿಯೋ ಕ್ಯಾಮೆರಾ ಅಂತ ಲೆಕ್ಕ ಹಾಕಿ ಜಾಸ್ತಿ ಸುಂಕ ಹಾಕುತ್ತಿದ್ದರಂತೆ. ಆ ಸುಂಕದ ಕಾಟ ತಿಪಟೂರಿನ ನಡುಮನೆಗೂ ಬಂತು. ನಿಂತಾಗಲೆಲ್ಲ ಯಾರಾದರೂ ಗುಂಡಿ ಒತ್ತಬೇಕು. ಭಾವ ಕುರ್ಚಿ ಎಳೆದುಕೊಂಡು ಕಾವಲಿಗೆ ಕೂತರು. ಹೋಳಿಗೆ ಊಟ ಮಾಡಿದ ಮನೆಯೆಲ್ಲ ಚಾಪೆಯ ಮೇಲೆ ಮಲಗಿತ್ತು. ಅವರೊಬ್ಬರೇ ಕನ್ನಡಕ ಏರಿಸಿ, ಕೆಂಪು ಚುಕ್ಕೆಯನ್ನು ದಿಟ್ಟಿಸುತ್ತಾ ಇದ್ದರು.

ಆ ವಿಡಿಯೋ ಈಗಲೂ ನನ್ನ ಹತ್ತಿರ ಇದೆ. ನಾಮಕರಣದ ಮುಖ್ಯ ಘಟ್ಟದ ಒಂದು ಫೋಟೋ ಇಲ್ಲ. ಆದರೆ ಇಬ್ಬರು ಚಿಕ್ಕಮ್ಮಂದಿರು ಬೀಗರು ಕೊಟ್ಟ ಬೆಳ್ಳಿ ಬಟ್ಟಲನ್ನು ಅಂಗೈಯಲ್ಲಿ ತೂಗಿ ತೂಗಿ, "ಒಳಗೆ ಟೊಳ್ಳು ಕಣೇ" ಅಂತ ತೀರ್ಪು ಕೊಟ್ಟದ್ದು ಫುಲ್ ಎಚ್‌ಡಿಯಲ್ಲಿ ಇದೆ. ಅಡಿಗೆಯವರು ಮಿಕ್ಕ ಕೋಸಂಬರಿ ಡಬ್ಬಿಗೆ ತುಂಬಿಸಿದ್ದು ಇದೆ. ಚಿಕ್ಕಪ್ಪನ ಗೊರಕೆ ಇದೆ, ಆರಂಭ, ಆರೋಹಣ ಎಲ್ಲ ಸೇರಿ.

ಸಂಜೆ ಕಾಫಿ ಹೊತ್ತಿಗೆ ಕ್ಯಾಮೆರಾ ಅಂತೂ ಆಫ್ ಆಯಿತು. ನಾನು ಚಾರ್ಜರ್ ತಂದೆ. ಭಾವ ಕೈ ಅಡ್ಡ ಹಿಡಿದರು. "ಇರೋ, ಒಳಗೆ ಇನ್ನೂ ಇದೆ." ಒಂದೆರಡು ನಿಮಿಷ ಬಿಟ್ಟು ಸ್ವಿಚ್ ಒತ್ತಿದರು. ಕ್ಯಾಮೆರಾ ಕಣ್ಣು ಬಿಟ್ಟು, ಕೆಂಪಗೆ ಮಿಟುಕಿ, ಮಲಗಿತು. ಕೆಲಸ ನಿಂತ ಮೇಲೆ ವೋಲ್ಟೇಜ್ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ಅಷ್ಟೇ ಅದರ ಗುಟ್ಟು. ಭಾವನಿಗೆ ಅದು ಮೋಸ. "ನೋಡ್ದಾ? ಬಚ್ಚಿಟ್ಕೊಂಡಿದೆ." ಮತ್ತೆ ಬಿಟ್ಟರು, ಮತ್ತೆ ಒತ್ತಿದರು. ಕಣ್ಣು ಬಿಟ್ಟಿತು, ಮಲಗಿತು. ಕಾಫಿ ಒಂದು ಗುಟುಕು, ಸ್ವಿಚ್ ಒಂದು ಸಲ. ಪಕ್ಕದ ಮನೆಯವರು ತಾಂಬೂಲ ತೆಗೆದುಕೊಳ್ಳಲು ಬಂದರು. ಭಾವ ಎದ್ದು ಕೈ ಮುಗಿದು, "ಬನ್ನಿ, ಕೂತ್ಕೊಳ್ಳಿ" ಅಂದರು, ಹಾಗೇ ಹೆಬ್ಬೆರಳಲ್ಲಿ ಒತ್ತಿದರು. ಮಗುವಿನ ನಕ್ಷತ್ರ ಹೇಳುತ್ತಾ ಇನ್ನೊಮ್ಮೆ ಒತ್ತಿದರು. ಅಕ್ಕ ಕುಂಕುಮದ ಬಟ್ಟಲು ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

"ರೀ, ಸತ್ತಿದ್ದನ್ನ ಎಷ್ಟು ಸಲ ಸಾಯಿಸ್ತೀರಿ?"

ಭಾವ ಎದ್ದು ಒಳಗೆ ಹೋದರು. ಸಿಟ್ಟು ಬಂತೇನೋ ಅಂದುಕೊಂಡೆ. ವಾಪಸ್ ಬಂದದ್ದು ತಗಡಿನ ಬಿಸ್ಕತ್ ಡಬ್ಬಿಯ ಜೊತೆ. ಒಳಗೆ ಅದೇ ಸ್ಕೂಟರ್ ಬಲ್ಬು! ವೈರಿನ ತುದಿ ಹಸಿರು ಹಿಡಿದಿತ್ತು. ಜೀವ ಝಲ್ ಅಂತು. ನಿಕಲ್ ಬ್ಯಾಟರಿಗೆ ನಡೆದದ್ದು ಇದಕ್ಕೆ ನಡೆಯದು, ಕ್ಯಾಮೆರಾ ನಿಂತ ಮೇಲೂ ಹಿಂಡಿದರೆ ಕೆಟ್ಟೇ ಹೋಗುತ್ತದೆ, ವೈರು ಒಂದಕ್ಕೊಂದು ತಾಗಿದರೆ ಬಿಸಿಯಾಗಿ ಬೆಂಕಿಯೂ ಹತ್ತಬಹುದು ಅಂತ ಒಂದೇ ಉಸಿರಿಗೆ ಹೇಳಿ ಬ್ಯಾಟರಿಯನ್ನು ಜೇಬಿಗೆ ಹಾಕಿಕೊಂಡೆ.

ಡಬ್ಬಿಯಲ್ಲಿ ಅವರ ಹಳೇ ಬ್ಯಾಟರಿಗಳೂ ಇದ್ದವು. ಒಂದೊಂದರ ಮೇಲೂ ಬಿಳಿ ಪ್ಲಾಸ್ಟರ್, ಅದರ ಮೇಲೆ ಬಾಲ್‌ಪೆನ್ನಿನಲ್ಲಿ ನಂಬರು, ತಾರೀಕು. ಯಾವುದಕ್ಕೂ ಈಗ ಜೀವ ಇಲ್ಲ. ಹಾಕಲು ಕ್ಯಾಮೆರಾವೂ ಇಲ್ಲ, ಅದನ್ನು ಯಾವತ್ತೋ ಮಾರಿದರು. "ಕರೆಂಟಿಲ್ಲದ ಹಳ್ಳೀಲಿ ರಾತ್ರಿ ಧಾರೆ ಮಾಡಿಸಿದೀನಿ ಕಣೋ. ತಾಳಿ ಕಟ್ಟೋವಾಗ ಒಂದು ದಿನ ನನ್ನ ಬ್ಯಾಟರಿ ಹೋಗಿಲ್ಲ. ಹೋದ್ರೆ ಇನ್ನೊಂದು ಸಲ ಕಟ್ಟಿ ಅನ್ನೋಕಾಗುತ್ತಾ?" ಅಂದರು. ಈಗಿನ ಮದುವೆಯಲ್ಲಿ ಡ್ರೋನ್ ಹಾರಿಸುವ ಹುಡುಗರು ಅವರನ್ನು "ಅಂಕಲ್, ಸ್ವಲ್ಪ ಸೈಡಿಗೆ" ಅನ್ನುತ್ತಾರೆ. ಇಷ್ಟೆಲ್ಲ ಕಲಿತದ್ದನ್ನು ಅವರು ಯಾರಿಗೆ ಹೇಳಬೇಕು? ಸಿಕ್ಕವನು ನಾನೊಬ್ಬ. ಪ್ಲಾಸ್ಟರಿನ ಮೇಲಿನ ಅಕ್ಷರ ನೋಡುತ್ತಾ, ಬೈಯಬೇಕು ಅಂದುಕೊಂಡಿದ್ದನ್ನು ನುಂಗಿಕೊಂಡೆ. ಪೂರ್ತಿ ಅಲ್ಲ, ಸ್ವಲ್ಪ.

ಯಾಕೆಂದರೆ ಅವರ ಇನ್ನೊಂದು ಸೇವೆಯೂ ನೆನಪಿದೆ. ಆಯುಧಪೂಜೆಯಲ್ಲಿ ಕ್ಯಾಮೆರಾಕ್ಕೆ ಹೂವಿಟ್ಟರೆ ನನ್ನ ತಕರಾರಿಲ್ಲ. ಭಾವ ಬ್ಯಾಟರಿಯನ್ನೂ ಹೊರತೆಗೆದು, ಸರಿಯಾಗಿ ಆ ಚಿನ್ನದ ಬಣ್ಣದ ಪಟ್ಟಿಗಳ ಮೇಲೇ ಕುಂಕುಮ ಇಡುತ್ತಾರೆ. ಆಮೇಲೆ ಒಂದು ವಾರ ಚಾರ್ಜರ್ ದೀಪ ಹೇಗೆ ಬೇಕೋ ಹಾಗೆ ಮಿಟುಕುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಮೆತ್ತಗೆ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿದರೆ ಸರಿಹೋಗುತ್ತದೆ. ರಬ್ಬರೇ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ, ಅದು ಬೇರೆ ಮಾತು.

ಕ್ಯಾಲಿಬ್ರೇಷನ್ ಆದ ಮೇಲೆ ಬ್ಯಾಟರಿ ಸುಧಾರಿಸಿದೆ. ಅಂದರೆ ಅದಕ್ಕೇನೂ ಹರೆಯ ಬಂದಿಲ್ಲ, ಮೊದಲಿನಷ್ಟೇ ಬೇಗ ಮುಗಿಯುತ್ತದೆ. ಕಡ್ಡಿಗಳು ಮಾತ್ರ ಈಗ ನಿಜ ಹೇಳುತ್ತಿವೆ. ಭಾವ ದಿನಾ ಸಂಜೆ ಫೋನ್ ಮಾಡಿ "ಹೇಗಿದೆ?" ಅಂತಾರೆ. ಪಾಪ, ಮೊಮ್ಮಗುವನ್ನು ಬಿಟ್ಟು ಬೇರೆ ಯಾರ ಆರೋಗ್ಯವನ್ನೂ ಅವರು ಇಷ್ಟು ವಿಚಾರಿಸಿದ್ದಿಲ್ಲ. "ಚೆನ್ನಾಗಿದೆ ಭಾವ" ಅಂದರೆ, "ಹೂಂ, ಹಂಗೇ ವಾರಕ್ಕೊಂದ್ಸಲ ಖಾಲಿ ಮಾಡ್ತಿರು" ಅಂತಾರೆ. ಆ ವಾರಕ್ಕೊಂದ್ಸಲ ಅನ್ನುವುದನ್ನು ಕೇಳಿದರೆ ನನ್ನ ಹೊಟ್ಟೆಯಲ್ಲಿ ಉರಿ ಬೀಳುತ್ತದೆ.

ಮುಂದಿನ ಶುಕ್ರವಾರ ಅರಸೀಕೆರೆಯಲ್ಲಿ ಗೃಹಪ್ರವೇಶ. ಹಿಂದಿನ ರಾತ್ರಿ ಎಲ್ಲರೂ ಅಲ್ಲೇ ಉಳಿಯುವುದು, ಭಾವನೂ ಉಳಿಯುತ್ತಾರೆ. ಅಕ್ಕನಿಗೆ ಗುಟ್ಟಾಗಿ ಫೋನ್ ಮಾಡಿ, ಸ್ಪೇರ್ ಬ್ಯಾಟರಿಯನ್ನು ರಾತ್ರಿ ನಿನ್ನ ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತೀಯಾ ಅಂತ ಕೇಳಿದೆ. ಅವಳು ನಗಲೂ ಇಲ್ಲ, ಯಾಕೆ ಅಂತ ಕೇಳಲೂ ಇಲ್ಲ.

"ಇಟ್ಕೋತೀನಿ ಬಿಡು. ಮುಚ್ಚಳ ಹಾಕಿ ಕೊಡು ಮತ್ತೆ, ಬ್ಯಾಗಲ್ಲಿ ಚಿಲ್ಲರೆ ಇರುತ್ತೆ, ಶಾರ್ಟ್ ಆದೀತು" ಅಂದಳು.