ಕಪ್ಪು ಚರ್ಮಕ್ಕೆ ಕ್ಯಾನ್ಸರ್ ಬರಲ್ವಾ? ಒಂದು ಸ್ಪಷ್ಟನೆ

‘ಚರ್ಮದ ಕ್ಯಾನ್ಸರ್ ಬಿಳಿಯರ ಕಾಯಿಲೆ, ನಮ್ಮ ಮೈಬಣ್ಣಕ್ಕೆ ಬರುವುದಿಲ್ಲ’ ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಅರ್ಧ ಮಾತ್ರ ನಿಜ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬಿಸಿಲಿನಿಂದ ಕಾಪಾಡುತ್ತದೆ, ಹಾಗಾಗಿ ನಮ್ಮಲ್ಲಿ ಕಡಿಮೆ. ಬರುವುದೇ ಇಲ್ಲ ಅಂತಲ್ಲ.

ಬಿಸಿಲು ಅಷ್ಟಾಗಿ ಬೀಳದ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲೂ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಹುಟ್ಟುತ್ತದೆ. ಜಮೈಕಾದ ಕಪ್ಪು ಮೈಬಣ್ಣದ ಗಾಯಕ ಬಾಬ್ ಮಾರ್ಲೆಗೆ ಬಂದದ್ದು ಕಾಲಿನ ಹೆಬ್ಬೆರಳಿನ ಉಗುರಿನಡಿ. 1981ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 36 ವರ್ಷ. ಕಾಶ್ಮೀರದಲ್ಲಿ ಚಳಿಗೆಂದು ಬಟ್ಟೆಯೊಳಗೆ ಇಟ್ಟುಕೊಳ್ಳುವ ಕೆಂಡದ ಮಡಕೆ ‘ಕಾಂಗ್ರಿ’ಯಿಂದ ಹೊಟ್ಟೆ, ತೊಡೆಯ ಚರ್ಮಕ್ಕೆ ಕ್ಯಾನ್ಸರ್ ಆಗುವುದುಂಟು. ಅಲ್ಲಿ ಕಾರಣ ಬಿಸಿಲಲ್ಲ, ಶಾಖ ನೋಡಿ. ಹಳೇ ಸುಟ್ಟ ಕಲೆಯಲ್ಲೂ ಬರಬಹುದು.

ಹಾಗಂತ ಪ್ರತಿ ಮಚ್ಚೆಗೂ ಸುಮ್ನೆ ಹೆದರಬೇಡಿ. ವಾರಗಟ್ಟಲೆ ಮಾಯದ ಹುಣ್ಣು, ಬೆಳೆಯುತ್ತಿರುವ ಮಚ್ಚೆ, ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿದ ಕಪ್ಪು ಗೆರೆ ಕಂಡರೆ ಚರ್ಮದ ಡಾಕ್ಟರಿಗೆ ತೋರಿಸಿ.