ಕೊಲೆ ಮಾಡಿಸಿದವನು ಸಿನಿಮಾದ ಕೊನೆಯಲ್ಲಿ ಆರಾಮಾಗಿ ಮನೆಗೆ ಹೋಗಬಹುದಾ?

ಪರ: ಹೋಗಲಿ ಬಿಡಿ

ವುಡಿ ಅಲೆನ್ 1989ರಲ್ಲಿ ಮಾಡಿದ 'ಕ್ರೈಮ್ಸ್ ಆಂಡ್ ಮಿಸ್‌ಡಿಮೀನರ್ಸ್' ನನ್ನ ಅಚ್ಚುಮೆಚ್ಚಿನ ಸಿನಿಮಾ. ಜೂಡಾ ನ್ಯೂಯಾರ್ಕಿನ ಹೆಸರುವಾಸಿ ಕಣ್ಣಿನ ಡಾಕ್ಟರ್. ಡೊಲೊರೆಸ್ ಎಂಬಾಕೆಯ ಜೊತೆ ಅವನಿಗೆ ಗುಟ್ಟಿನ ಸಂಬಂಧ. ಹೆಂಡತಿಗೆ ಎಲ್ಲ ಹೇಳಿಬಿಡುತ್ತೇನೆ ಎಂದು ಅವಳು ಪಟ್ಟು ಹಿಡಿಯುತ್ತಾಳೆ. ಜೂಡಾ ಒಡಹುಟ್ಟಿದ ಜ್ಯಾಕ್ ಮೂಲಕ ಅವಳನ್ನು ಕೊಲ್ಲಿಸುತ್ತಾನೆ. ಸಿಕ್ಕಿಬೀಳುವುದಿಲ್ಲ.

ಹಾಲಿವುಡ್‌ನಲ್ಲಿ 1934ರಿಂದ 1968ರವರೆಗೆ ಹೇಸ್ ಕೋಡ್ ಎಂಬ ಕಟ್ಟುಪಾಡು ನಡೆಯುತ್ತಿತ್ತು. ಅಪರಾಧ ಮಾಡಿದವನು ಗೆದ್ದ ಹಾಗೆ ತೋರಿಸುವಂತಿರಲಿಲ್ಲ. ಹಾಗಾಗಿ ಕೊನೆಗೆ ಪೊಲೀಸರೋ ಸಾವೋ ಬಂದೇ ಬರುತ್ತಿತ್ತು, ನೋಡಿದವರು ನಿರಾಳವಾಗಿ ಎದ್ದು ಹೋಗುತ್ತಿದ್ದರು. ಜೂಡಾನ ಕಥೆ ಆ ನಿರಾಳ ಕೊಡುವುದಿಲ್ಲ. ತೀರ್ಪು ಹೇಳುವ ಕೆಲಸ ನಮ್ಮ ತಲೆಗೇ ಬರುತ್ತದೆ.

ಕೊಲೆಯಾದ ಮೇಲೆ ತನ್ನ ಗುರುತು ಉಳಿಯದಿರಲೆಂದು ಅವನು ಅವಳ ಮನೆಗೆ ಹೋಗುತ್ತಾನೆ. ನೆಲದ ಮೇಲೆ ಅವಳು. ಕಣ್ಣು ತೆರೆದೇ ಇವೆ. ದೇವರ ಕಣ್ಣಿಗೆ ಏನೂ ತಪ್ಪುವುದಿಲ್ಲ ಎಂದು ಚಿಕ್ಕಂದಿನಲ್ಲಿ ಅಪ್ಪ ಹೇಳುತ್ತಿದ್ದ ಮಾತು ಬೇರೆ ಅವನ ಬೆನ್ನು ಬಿಡುವುದಿಲ್ಲ. ತಪ್ಪೊಪ್ಪಿಕೊಳ್ಳುವ ಅಂಚಿಗೂ ಹೋಗುತ್ತಾನೆ. ಆಮೇಲೆ ಒಂದು ಬೆಳಿಗ್ಗೆ ಎದ್ದರೆ ಬಿಸಿಲು ಚೆನ್ನಾಗಿದೆ, ಮನೆಯವರೆಲ್ಲ ಸುತ್ತ ಇದ್ದಾರೆ, ಎದೆಯ ಭಾರ ಇಳಿದಿದೆ. ಅಷ್ಟೇ! ಅದೇ ಹೊತ್ತಿಗೆ ಅವನ ಹತ್ತಿರ ಕಣ್ಣು ತೋರಿಸಿಕೊಳ್ಳುತ್ತಿದ್ದ ಒಳ್ಳೆಯ ರಬ್ಬಿ (ಯಹೂದಿ ಧರ್ಮಗುರು) ಬೆನ್ ಪೂರ್ತಿ ಕುರುಡನಾಗಿರುತ್ತಾನೆ. ಜೂಡಾನಿಗೆ ಬೇಡಿ ಬಿದ್ದಿದ್ದರೆ ನಾನು ಈ ಸಿನಿಮಾವನ್ನು ಎರಡನೇ ಸಲ ನೋಡುತ್ತಿರಲಿಲ್ಲ.

ವಿರೋಧ: ಡೊಲೊರೆಸ್ ಎಲ್ಲಿ?

ಮೇಲಿನದನ್ನು ಬರೆದದ್ದೂ ನಾನೇ. ಆದರೂ ಪ್ರತಿ ಸಲ ನೋಡುವಾಗ ಒಂದು ಮುಳ್ಳು ಚುಚ್ಚುತ್ತದೆ. ಜೂಡಾನಿಗೆ ಪೊಲೀಸರ ಕಾಟ ತಪ್ಪಿತಲ್ಲ ಅನ್ನುವುದಲ್ಲ ನನ್ನ ತಕರಾರು. ಇವನಿಗೆ ನಿದ್ದೆ ಬರುತ್ತದೋ ಇಲ್ಲವೋ ಅನ್ನುವುದೇ ಸಿನಿಮಾದ ಚಿಂತೆ. ಸತ್ತವಳಿಗಾಗಿ ಅಳುವ ಒಂದು ಮುಖವನ್ನೂ ತೋರಿಸುವುದಿಲ್ಲ.

ಇನ್ನೊಂದು ಇದೆ, ಹೇಳಲು ಸ್ವಲ್ಪ ನಾಚಿಕೆ. ಜೂಡಾನ ಹುಟ್ಟುಹಬ್ಬದ ದಿನ ಅವಳು ಹತ್ತಿರದ ಪೆಟ್ರೋಲ್ ಬಂಕಿನಿಂದ ಫೋನ್ ಮಾಡುತ್ತಾಳೆ. ಈಗಲೇ ಬಾ, ಇಲ್ಲಾಂದ್ರೆ ನಾನೇ ಮನೆಗೆ ಬರುತ್ತೇನೆ ಅನ್ನುತ್ತಾಳೆ. ಮೊದಲ ಸಲ ನೋಡಿದಾಗ 'ಈಕೆ ಸುಮ್ನಿದ್ರೆ ಸಾಕಪ್ಪಾ' ಅಂದುಕೊಂಡಿದ್ದೆ. ಕೊಲೆಗಾರನಿಗೂ ಬೇಕಾದದ್ದು ಅದೇ ಅಲ್ವಾ? ಶಿಕ್ಷೆ ಇಲ್ಲದ ಕಥೆ ನಮ್ಮನ್ನು ಯೋಚನೆಗೆ ಹಚ್ಚುತ್ತದೆ ಅನ್ನುತ್ತಾರೆ. ನನ್ನನ್ನು ಮಾತ್ರ ಅದು ಅವನ ಪಕ್ಕ ಕೂರಿಸಿಬಿಟ್ಟಿತ್ತು.

ಕೊನೆಯ ದೃಶ್ಯವನ್ನೇ ನೋಡಿ. ಮದುವೆಯ ಗದ್ದಲದಿಂದ ದೂರ ಕೂತಿದ್ದ, ಸಾಕ್ಷ್ಯಚಿತ್ರ ಮಾಡುವ ಕ್ಲಿಫ್‌ಗೆ ಜೂಡಾ ಎಲ್ಲವನ್ನೂ ಹೇಳುತ್ತಾನೆ, ಸಿನಿಮಾ ಕಥೆ ಎಂಬ ನೆಪದಲ್ಲಿ. ಬೇರೆ ಕೊಲೆಗಳನ್ನೂ ಮಾಡಿದ್ದ ಯಾವನೋ ಅಲೆಮಾರಿಯ ತಲೆಗೆ ಇದನ್ನೂ ಕಟ್ಟಿದರು ಅನ್ನುವುದನ್ನು ಹವಾಮಾನದ ಸುದ್ದಿಯ ಹಾಗೆ ಹೇಳಿ ಮುಗಿಸುತ್ತಾನೆ. ನಿಜಕ್ಕೂ ಭಾರ ಇಳಿದವನು ಪರಿಚಯವೇ ಸರಿಯಾಗಿಲ್ಲದವನಿಗೆ ಇದನ್ನೆಲ್ಲ ಯಾಕೆ ಹೇಳಬೇಕು? ಸಿನಿಮಾ ಆ ಪ್ರಶ್ನೆಯ ಬಾಗಿಲವರೆಗೂ ಬರುತ್ತದೆ. ಅಷ್ಟರಲ್ಲಿ ಜೂಡಾನ ಹೆಂಡತಿ ಕರೆಯುತ್ತಾಳೆ, ಇಬ್ಬರೂ ನಗುನಗುತ್ತಾ ಹೊರಡುತ್ತಾರೆ.