ಗದ್ದಲ ಇದ್ದರೇನೇ ಕೆಲಸವೇ?

ಹಳೆಯ ಪ್ಲಾಂಟಿನ ಗೆಳೆಯನ ಜೊತೆ ಸ್ಪೀಕರ್‌ನಲ್ಲಿ ಮಾತಾಡುತ್ತಿದ್ದೆ. ಪಕ್ಕದಲ್ಲಿದ್ದ, ನಾನು ಈಗಿರುವ ಪ್ಲಾಂಟಿನ ಸಹೋದ್ಯೋಗಿ ಗಾಬರಿಯಾಗಿ ಕೇಳಿದ: "ಅಲ್ಲೇನಾದರೂ ಅವಘಡ ಆಯಿತಾ?" ಇಲ್ಲಪ್ಪ, ಅವರ ಕಂಟ್ರೋಲ್ ರೂಮಿನಲ್ಲಿ (ಇಡೀ ಪ್ಲಾಂಟನ್ನು ಕೂತಲ್ಲಿಂದಲೇ ನೋಡಿಕೊಳ್ಳುವ ಕೋಣೆ) ಶಿಫ್ಟ್ ಬದಲಾಗುತ್ತಿದೆ ಅಷ್ಟೇ ಅಂದೆ. ನಕ್ಕೆ, ಆದರೆ ಚುಚ್ಚಿತು.

ನಮ್ಮ ಕಡೆ, ಅಂದರೆ ಆ ಹಳೆಯ ಪ್ಲಾಂಟಿನಲ್ಲಿ, ಕಂಟ್ರೋಲ್ ರೂಮಿಗೆ ಯಾರು ಬೇಕಾದರೂ ಬರಬಹುದು. ಪರ್ಮಿಟ್‌ಗೆ (ಕೆಲಸ ಶುರುಮಾಡಲು ಬೇಕಾದ ಅನುಮತಿ ಚೀಟಿ) ಸಹಿ ಬೇಕಾದವರು, ಸಾಹೇಬರನ್ನು ಹುಡುಕುವವರು, ಸುಮ್ನೆ ಎಸಿ ತಂಪಿಗೆ ನಿಂತವರು. ಕೆಳಗೆ ಟೈಲ್ಸ್, ಎದುರಿಗೆ ಗಾಜು, ಮೇಲೆ ಬರೀ ಕಾಂಕ್ರೀಟ್. ಆಡಿದ ಮಾತು ಬಡಿದು ಬಡಿದು ವಾಪಸ್ ಬರುತ್ತದೆ. ಸದ್ದು ಜಾಸ್ತಿ ಆದಷ್ಟೂ ನಾವು ದನಿ ಏರಿಸುತ್ತೇವೆ, ವಾಕಿಟಾಕಿ ಹಿಡಿದವನು ವಾಲ್ಯೂಮ್ ಏರಿಸುತ್ತಾನೆ. ಅಲಾರಂ ಕೂಗುವ ಹೂಟರ್ ಬಾಯಿಗೆ ಟೇಪ್ ಅಂಟಿಸಿದ್ದನ್ನು ನಾನೇ ನೋಡಿದ್ದೇನೆ. ತಲೆನೋವಿಗೆ ಅದೇ ಮದ್ದಂತೆ!

ಇಲ್ಲಿ, ಈಗಿನ ಪ್ಲಾಂಟಿನಲ್ಲಿ, ಪರ್ಮಿಟ್ ಕೊಡುವ ಕಿಟಕಿಯೇ ಹೊರಗಿದೆ. ಅರ್ಧ ಗಲಾಟೆ ಅಲ್ಲೇ ಮುಗಿಯುತ್ತದೆ. ಫ್ಯಾನ್ ಗುಂಯ್‌ಗುಡುವ ಕಂಪ್ಯೂಟರುಗಳಿಗೆ ಬೇರೆ ಕೋಣೆ. ಮೇಲೆ ಸದ್ದು ಹೀರುವ ಸೀಲಿಂಗ್, ಕೆಳಗೆ ಕಾರ್ಪೆಟ್. ಐಎಸ್‌ಒ 11064 ಅನ್ನುವ, ಕಂಟ್ರೋಲ್ ರೂಮುಗಳ ಅಂತರರಾಷ್ಟ್ರೀಯ ಮಾನದಂಡದ 6ನೇ ಭಾಗ ಕೋಣೆಯ ಸದ್ದಿಗೆ ಹೇಳುವ ಮಿತಿ 45 ಡೆಸಿಬೆಲ್. ಅದು ಇವರಿಗೆಂದೇ ಬರೆದದ್ದೇನಲ್ಲ, ನಮಗೂ ಅದೇ.

ಸೀಲಿಂಗ್‌ಗಿಂತ ದೊಡ್ಡ ಕೆಲಸ ಅಲಾರಂ ಕಡಿಮೆ ಮಾಡಿದ್ದು. 1994ರಲ್ಲಿ ವೇಲ್ಸ್‌ನ ಮಿಲ್ಫರ್ಡ್ ಹೇವನ್ ರಿಫೈನರಿ ಸ್ಫೋಟಗೊಳ್ಳುವ ಮುಂಚಿನ 11 ನಿಮಿಷದಲ್ಲಿ ಇಬ್ಬರು ಆಪರೇಟರುಗಳ ಮುಂದೆ ಬಂದ ಅಲಾರಂಗಳು 275. ಅಷ್ಟು ಹೊಡೆದುಕೊಂಡರೆ ಯಾರು ಓದುತ್ತಾರೆ? "ನೋಡಿದೆ" ಅನ್ನುವ ಅಕ್ನಾಲೆಜ್ ಬಟನ್ ಒತ್ತುತ್ತಾ ಕೂರುವುದಷ್ಟೇ. ಇಲ್ಲಿ ಆಪರೇಟರ್ ಏನೂ ಮಾಡಬೇಕಿಲ್ಲದ ಸಂಗತಿಗೆ ಅಲಾರಂ ಇಲ್ಲ. ನಮ್ಮಲ್ಲಿ ಬಾಗಿಲು ತೆರೆದರೂ ಕಿರುಚುತ್ತದೆ.

ಒಂದು ಮಾತು ಮಾತ್ರ ಒಪ್ಪಬೇಕು, ಮನಸ್ಸಿಲ್ಲದಿದ್ದರೂ. ಇಲ್ಲಿ ಒಂದು ರಾತ್ರಿ ಪಾಳಿಯಲ್ಲಿ ಪಕ್ಕದವನ ಪಂಪ್ ಟ್ರಿಪ್ ಆಗಿ ನಿಂತುಹೋಗಿತ್ತು. ಅವನು ಹೆಡ್‌ಸೆಟ್‌ನಲ್ಲಿ ಮೆಲ್ಲಗೆ ಮಾತಾಡಿಕೊಂಡ. ನನ್ನ ಟ್ಯಾಂಕಿನ ಮಟ್ಟ ಇಳಿದ ಮೇಲೇ ನನಗೆ ಗೊತ್ತಾಗಿದ್ದು. ನಮ್ಮಲ್ಲಾಗಿದ್ದರೆ "ಪಂಪ್ ಹೋಯ್ತು!" ಅಂತ ಒಂದು ಕೂಗು, ನಾಲ್ಕು ತಲೆ ತಿರುಗುತ್ತಿತ್ತು.

ಆ ಕೂಗು ಇರಲಿ ಬಿಡಿ. ತಂಪಿಗೆ ನಿಂತವರನ್ನು ಮೊದಲು ಆಚೆ ಕಳಿಸಿ, ಸೀಲಿಂಗ್ ಬಜೆಟ್ ಆಮೇಲೆ ಕೇಳಿದರಾಯಿತು.